ಫ್ಯಾಟಿ ಲಿವರ್ ಜೀನ್ ಕಿಟ್: ಅಣ್ಣನಿಗೆ ಕೆಂಪು, ತಮ್ಮನಿಗೆ ಹಳದಿ

ಐದಕ್ಕೆ ಎರಡೂವರೆ ನಕ್ಷತ್ರ. ಕಿಟ್ ಮತ್ತು ಲ್ಯಾಬ್ ಕೆಲಸಕ್ಕೆ ನಾಲ್ಕು, ರಿಪೋರ್ಟ್ ಬರೆದವರಿಗೆ ಒಂದು. ಕೂಡಿಸಿ ಎರಡರಿಂದ ಭಾಗಿಸಿದರೆ ಇಷ್ಟೇ ಬರುತ್ತದೆ.

ನಾನು ಮಂಡ್ಯದಲ್ಲಿ ಸಣ್ಣದೊಂದು ಬ್ಲಡ್ ಕಲೆಕ್ಷನ್ ಸೆಂಟರ್ ನಡೆಸುವವಳು. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಖಾಲಿ ಹೊಟ್ಟೆಯವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಶುಗರ್, ಥೈರಾಯ್ಡ್, ಲಿಪಿಡ್ ಪ್ರೊಫೈಲ್, ಲಿವರ್ ನೋಡುವ ಎಲ್‌ಎಫ್‌ಟಿ, ಇವೇ ನಮ್ಮ ಅನ್ನ. ಲಿವರ್‌ಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ ಅರವತ್ತು ಎಪ್ಪತ್ತು ಬಂದ ರಿಪೋರ್ಟು ಈಗ ದಿನಾ ನೋಡುತ್ತೇನೆ. ಅದರಲ್ಲಿ ಕುಡಿಯದವರೇ ಜಾಸ್ತಿ.

ಕಿಟ್ ಮಾಡಿದ ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥದ್ದನ್ನು ಮಾರುವವರು ಹಲವರಿದ್ದಾರೆ. ನಾನು ತರಿಸಿ ನೋಡಿದ ಸ್ಯಾಂಪಲ್ ರಿಪೋರ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಇದರ ಬಗ್ಗೆ ಹೇಳಿದ್ದು ಬೇರೆಯವಕ್ಕೂ ಸುಮಾರು ಹೊಂದುತ್ತದೆ.

ಕಿಟ್ ಬಂದದ್ದು ನಮ್ಮ ಭಾವನಿಂದಾಗಿ. ನಮ್ಮ ಮನೆಯವರ ಅಣ್ಣ ಅವರು. ಪಾಂಡವಪುರದ ಹತ್ತಿರ ಊರು, ಕಬ್ಬು ಭತ್ತ ಬೆಳೆಯುತ್ತಾರೆ. ಸಣಕಲು ಆಳು. ಪಿತ್ತಕೋಶದಲ್ಲಿ ಕಲ್ಲಿದೆಯೇನೋ ಅಂತ ಸ್ಕ್ಯಾನಿಂಗ್ ಮಾಡಿಸಿದರೆ ಕಲ್ಲಿರಲಿಲ್ಲ, ಗ್ರೇಡ್ ಎರಡು, ಅಂದರೆ ಮಧ್ಯಮ ಮಟ್ಟದ ಫ್ಯಾಟಿ ಲಿವರ್ ಇತ್ತು. ಲಿವರ್ ಅಂದರೆ ನಮ್ಮ ಕಡೆ ಕುಡಿತ ಅಂತಲೇ ಲೆಕ್ಕ. ಪಾಪ, ಅವರಿಗೆ ಅವಮಾನವಾಗಿತ್ತು. "ಏನವ್ವಾ, ನಾನು ಕುಡಿಯಕಿಲ್ಲ, ಬಾಡು ತಿಂದ್ರೂ ಎಲ್ಲೋ ಹಬ್ಬಕ್ಕೆ. ಗದ್ದೇಲಿ ಗೇಯ್ತೀನಿ. ನಂಗ್ಯಾಕವ್ವಾ ಲಿವರ್‌ಗೆ ಕೊಬ್ಬು?" ಅಂತ ಸೆಂಟರ್‌ನಲ್ಲೇ ಕೇಳಿದರು, ನಾಲ್ಕು ಜನರ ಮುಂದೆ.

ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಆನ್‌ಲೈನ್‌ನಲ್ಲಿ ಹುಡುಕಿ "ಫ್ಯಾಟಿ ಲಿವರ್ ಆ್ಯಂಡ್ ಮೆಟಬಾಲಿಕ್ ಹೆಲ್ತ್" ಅಂತ ಬರೆದ ಜೀನ್ ಕಿಟ್ ಎರಡು ತರಿಸಿದ. ಒಂದು ಅವನ ಅಪ್ಪನಿಗೆ, ಇನ್ನೊಂದು ಚಿಕ್ಕಪ್ಪನಿಗೆ, ಅಂದರೆ ನಮ್ಮ ಮನೆಯವರಿಗೆ. ಆಫರ್‌ನಲ್ಲಿ ಒಂದಕ್ಕೆ ಏಳು ಸಾವಿರ ಚಿಲ್ಲರೆ ಬಿತ್ತು. ಆ ದುಡ್ಡಿಗೆ ನನ್ನ ಸೆಂಟರ್‌ನಲ್ಲಿ ಇಡೀ ಮನೆಯವರ ರಕ್ತ ಪರೀಕ್ಷೆ ಮುಗಿದು ಕಾಫಿಗೂ ಮಿಗುತ್ತಿತ್ತು. ಹೋಗಲಿ, ಹುಡುಗನ ಪ್ರೀತಿ.

ಮೊದಲು ಕಿಟ್ ವಿಷಯ. ಇದು ರಕ್ತದ್ದಲ್ಲ, ಎಂಜಲಿನದ್ದು. ಆಲಿಕೆ ಇರುವ ಟ್ಯೂಬಿಗೆ ಗೆರೆ ಮುಟ್ಟುವವರೆಗೆ ಉಗುಳಬೇಕು. ಮುಚ್ಚಳ ತಿರುಗಿಸಿದರೆ ಒಳಗಿನ ದ್ರಾವಣ ಎಂಜಲಿಗೆ ಬೆರೆಯುತ್ತದೆ. ಅದರಿಂದ ಡಿಎನ್‌ಎ ಕೆಡುವುದಿಲ್ಲ. ಫ್ರಿಜ್ಜು ಬೇಡ, ಐಸು ಬೇಡ. ಟ್ಯೂಬು ಗಟ್ಟಿಯಾಗಿತ್ತು, ಬಾರ್‌ಕೋಡ್ ಎರಡು ಕಡೆ ಇತ್ತು, ಸೀಲ್ ಸರಿಯಾಗಿತ್ತು. ಸ್ಯಾಂಪಲ್ ಅದಲುಬದಲಾಗದ ಹಾಗೆ ಯೋಚಿಸಿ ಮಾಡಿದ್ದಾರೆ. ನಾಲ್ಕು ನಕ್ಷತ್ರ ಕೊಟ್ಟದ್ದು ಇದಕ್ಕೇ.

ತೊಂದರೆ ಸೂಚನೆ ಚೀಟಿಯದು. ಇಂಗ್ಲಿಷು, ಹಿಂದಿ ಮಾತ್ರ. ಉಗುಳುವ ಅರ್ಧ ಗಂಟೆ ಮುಂಚೆ ಏನೂ ತಿನ್ನಬಾರದು, ಕುಡಿಯಬಾರದು, ಬೀಡಿ ಸೇದಬಾರದು ಅಂತ ಬರೆದಿದೆ. ಎಲೆ ಅಡಿಕೆ ವಿಷಯವೇ ಇಲ್ಲ. ಭಾವ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡೇ ಬಂದಿದ್ದರು. ನಾನಿದ್ದೆ, ಬಾಯಿ ಚೆನ್ನಾಗಿ ಮುಕ್ಕಳಿಸಿ, ಕಾದು, ಆಮೇಲೆ ಉಗುಳಿಸಿದೆ. ನಾನಿಲ್ಲದಿದ್ದರೆ ಟ್ಯೂಬು ಕೆಂಪಗೆ ಹೋಗುತ್ತಿತ್ತು. ಇನ್ನೊಂದು, ಗೆರೆ ಮುಟ್ಟಬೇಕಾದ್ದು ಎಂಜಲು, ನೊರೆಯಲ್ಲ. ಬಾಯಿ ಒಣಗಿದವರು ಹುಣಸೆಹಣ್ಣನ್ನು ಮನಸ್ಸಲ್ಲಿ ನೆನೆದುಕೊಳ್ಳಲಿ, ಬಾಯಿಗೆ ಹಾಕುವುದು ಬೇಡ.

ಕೊರಿಯರ್‌ನವನು ಭಾವನ ಊರಿನ ಪಿನ್‌ಕೋಡಿಗೆ ಬರುವುದಿಲ್ಲ ಅಂತ ಆ್ಯಪ್ ತೋರಿಸಿತು. ಕೊನೆಗೆ ಎರಡೂ ಡಬ್ಬಿ ನನ್ನ ಸೆಂಟರ್‌ನಿಂದಲೇ ಹೋದವು. ಹಳ್ಳಿಯಲ್ಲಿರುವವರು ತರಿಸುವ ಮುಂಚೆ ವಾಪಸ್ ತೆಗೆದುಕೊಂಡು ಹೋಗುತ್ತಾರಾ ಅಂತ ನೋಡಿಕೊಳ್ಳಿ. ತಂದುಕೊಡಲು ಎಲ್ಲ ಕಡೆಗೂ ಬರುತ್ತಾರೆ, ಅಲ್ವಾ!

ಒಂದು ತಿಂಗಳು ದಾಟಿದ ಮೇಲೆ ಪಿಡಿಎಫ್ ಬಂತು. ನಲವತ್ತು ಪುಟದ ಹತ್ತಿರ ಇತ್ತು. ಅದರಲ್ಲಿ ಕೆಲಸಕ್ಕೆ ಬರುವುದು ಮೂರೋ ನಾಲ್ಕೋ ಪುಟ. ಉಳಿದದ್ದು ಹಣ್ಣು ತರಕಾರಿ ಚಿತ್ರ, ಓಡುತ್ತಿರುವ ಬಿಳಿ ಹುಡುಗಿ.

ಮೊದಲ ಪುಟದಲ್ಲೇ ಒಂದು ಮೀಟರ್. "ಒಟ್ಟು ಮೆಟಬಾಲಿಕ್ ರಿಸ್ಕ್" ಅಂತ. ಭಾವನಿಗೆ ಮುಳ್ಳು ಕೆಂಪಿನಲ್ಲಿ, "ಹೆಚ್ಚು". ನಮ್ಮ ಮನೆಯವರಿಗೆ ಹಳದಿಯಲ್ಲಿ, "ಮಧ್ಯಮ". ಭಾವ ಮಂಕಾಗಿ ಕೂತರು. ನಮ್ಮವರ ಮುಖ ಅರಳಿತು. ಆ ಸಂಜೆಯೇ ಮದ್ದೂರು ವಡೆ ಕಟ್ಟಿಸಿಕೊಂಡು ಬಂದರು. "ಹಳದಿ ಅಂದ್ರೆ ಸಿಗ್ನಲ್‌ನಲ್ಲೂ ಹೋಗಬಹುದು ಕಣೇ" ಅಂದರು.

ನನ್ನ ತಕರಾರು ಆ ಮೀಟರಿನ ಮೇಲೇ. ಅದನ್ನು ಬಿಡಿಸಿ ಹೇಳಲು ಒಳಗಿನ ಪುಟಗಳಿಗೆ ಹೋಗಬೇಕು.

ಕಂಪನಿಯವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಪ್ರತಿ ಜೀನಿನ ಹೆಸರು, ನೋಡಿದ ಜಾಗದ ಆರ್‌ಎಸ್ ನಂಬರು (ಡಿಎನ್‌ಎಯಲ್ಲಿ ಆ ಜಾಗದ ಗುರುತಿನ ಸಂಖ್ಯೆ), ಅಲ್ಲಿ ಸಿಕ್ಕಿದ ಡಿಎನ್‌ಎ ಅಕ್ಷರ, ಮೂರನ್ನೂ ಮುಚ್ಚುಮರೆ ಇಲ್ಲದೆ ಅಚ್ಚು ಹಾಕಿದ್ದಾರೆ. ಇದಿಲ್ಲದ ರಿಪೋರ್ಟನ್ನು ಯಾರೂ ಕೊಳ್ಳಬೇಡಿ. ಬರೀ "ಹೆಚ್ಚು, ಕಡಿಮೆ" ಅಂತ ಬರೆದದ್ದನ್ನು ನಾಳೆ ಡಾಕ್ಟರಿಗೆ ತೋರಿಸಿದರೆ ಅವರು ಏನಂತ ಓದುತ್ತಾರೆ?

ಭಾವನ ರಿಪೋರ್ಟಿನಲ್ಲಿ ಮುಖ್ಯವಾದದ್ದು ಪಿಎನ್‌ಪಿಎಲ್‌ಎ3 ಅನ್ನುವ ಜೀನು. ಇಪ್ಪತ್ತೆರಡನೇ ಕ್ರೋಮೋಸೋಮಿನಲ್ಲಿದೆ. ಅದರಲ್ಲಿ ಆರ್‌ಎಸ್738409 ಅನ್ನುವ ಜಾಗದಲ್ಲಿ ಸಿ ಇರಬೇಕಾದ ಕಡೆ ಕೆಲವರಿಗೆ ಜಿ ಇರುತ್ತದೆ. ಭಾವನಿಗೆ ಜಿಜಿ, ಅಂದರೆ ಅಪ್ಪನಿಂದಲೂ ಜಿ, ಅಮ್ಮನಿಂದಲೂ ಜಿ. ನಮ್ಮ ಮನೆಯವರಿಗೆ ಸಿಜಿ, ಒಂದೇ ಕಡೆಯಿಂದ.

ಇದು ಸಣ್ಣಪುಟ್ಟ ಸುದ್ದಿಯಲ್ಲ. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೃದಯದ ಕಾಯಿಲೆ ಬಗ್ಗೆ ನಡೆಯುತ್ತಿದ್ದ ದೊಡ್ಡ ಅಧ್ಯಯನದಲ್ಲಿ, ಜನರ ಲಿವರ್ ಕೊಬ್ಬನ್ನು ಎಂಆರ್‌ಐ ಯಂತ್ರದಲ್ಲಿ ಅಳೆದು, ಜೀನಿಗೆ ತಾಳೆ ಹಾಕಿ ನೋಡಿದಾಗ ಸಿಕ್ಕಿದ್ದು ಇದು. ಎರಡೂ ಜಿ ಇದ್ದವರ ಲಿವರ್‌ನಲ್ಲಿ ಒಂದೂ ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬಿತ್ತು. ಬರೀ ಕೊಬ್ಬಲ್ಲ, ಲಿವರ್ ಗಟ್ಟಿಯಾಗುವುದು, ಅದರ ಕೊನೆಯ ಹಂತವಾದ ಸಿರೋಸಿಸ್, ಇವಕ್ಕೂ ನಂಟಿದೆ ಅಂತ ಆಮೇಲಿನ ವರ್ಷಗಳಲ್ಲಿ ಗೊತ್ತಾಯಿತು.

ಯಾಕೆ ಹಾಗೆ ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ರಿಪೋರ್ಟಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಲಿವರ್ ಜೀವಕೋಶದೊಳಗೆ ಕೊಬ್ಬು ಹನಿಹನಿಯಾಗಿ ಇರುತ್ತದೆ. ಅದನ್ನು ಕರಗಿಸಲು ಬೇರೆ ಬೇರೆ ಪ್ರೋಟೀನುಗಳು ಬರುತ್ತವೆ. ಜಿ ಇರುವವರಲ್ಲಿ ಪಿಎನ್‌ಪಿಎಲ್‌ಎ3 ಪ್ರೋಟೀನಿನ 148ನೇ ಜಾಗದಲ್ಲಿ ಐಸೋಲ್ಯೂಸಿನ್ ಅನ್ನುವ ಅಮೈನೋ ಆಮ್ಲದ ಬದಲು ಮೆಥಿಯೋನಿನ್ ಅನ್ನುವುದು ಕೂರುತ್ತದೆ. ಅಷ್ಟೇ ಬದಲಾವಣೆ. ಆದರೆ ಹಾಗೆ ಬದಲಾದ ಪ್ರೋಟೀನು ಕೆಲಸ ಮುಗಿದ ಮೇಲೆ ಕರಗಿ ಹೋಗುವುದಿಲ್ಲ, ಕೊಬ್ಬಿನ ಹನಿಯ ಮೇಲೇ ಕಚ್ಚಿಕೊಂಡು ಜಮಾಯಿಸುತ್ತದೆ. ಆಲೆಮನೆ ಬಾಗಿಲಲ್ಲಿ ಕೆಟ್ಟು ನಿಂತ ಕಬ್ಬಿನ ಗಾಡಿ ಥರ. ತಾನೂ ಕೆಲಸ ಮಾಡದು, ಕೊಬ್ಬು ಕರಗಿಸುವ ಬೇರೆಯವಕ್ಕೂ ದಾರಿ ಬಿಡದು.

ಮತ್ತೂ ಒಂದಿದೆ. ಈ ಪ್ರೋಟೀನನ್ನು ಲಿವರ್ ಜಾಸ್ತಿ ತಯಾರಿಸುವುದು ಯಾವಾಗ? ಪಿಷ್ಟ, ಸಕ್ಕರೆ ತಿಂದು ಇನ್ಸುಲಿನ್ ಏರಿದಾಗ. ಕೆಟ್ಟ ಪ್ರೋಟೀನೇ ತಯಾರಾಗುವವರಿಗೆ ಪ್ರತಿ ಸಿಹಿಯ ಲೋಟಕ್ಕೂ ಅದರ ರಾಶಿ ಬೆಳೆಯುತ್ತದೆ. ಅಮೆರಿಕದಲ್ಲಿರುವ ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳಲ್ಲಿ ಇದನ್ನು ನೋಡಿದ್ದಾರೆ, 2010ರ ಅಧ್ಯಯನ. ಜಿಜಿ ಇದ್ದ ಮಕ್ಕಳಲ್ಲಿ ಸಕ್ಕರೆ ತಿನ್ನುವುದು ಹೆಚ್ಚಿದಷ್ಟೂ ಲಿವರ್ ಕೊಬ್ಬು ಹೆಚ್ಚಿತ್ತು. ಉಳಿದ ಮಕ್ಕಳಲ್ಲಿ ಆ ನಂಟು ಕಾಣಲಿಲ್ಲ.

ಈಗ ಭಾವನ ದಿನಚರಿ ಕೇಳಿ. ಎದ್ದ ಕೂಡಲೇ ಬೆಲ್ಲದ ಕಾಫಿ. ಗದ್ದೆಗೆ ಹೋಗುವಾಗ ಇನ್ನೊಂದು. ಹತ್ತು ಗಂಟೆಗೆ, ಮಧ್ಯಾಹ್ನ ಮಲಗಿ ಎದ್ದ ಮೇಲೆ, ನೆಂಟರು ಬಂದರೆ, ನೆಂಟರು ಹೋದ ಮೇಲೆ. ಹಂಗಾಮಿನಲ್ಲಿ ಕಬ್ಬಿನ ಹಾಲು ಬೇರೆ, ಆಲೆಮನೆಗೆ ಹೋದರೆ ಬಿಸಿ ಬೆಲ್ಲ. "ಬೆಲ್ಲ ಸಕ್ಕರೆ ಅಲ್ವಲ್ಲವ್ವಾ, ಒಳ್ಳೇದಲ್ವಾ" ಅಂತ ಅವರ ವಾದ. ಮಂಡ್ಯದಲ್ಲಿ ಬೆಲ್ಲವನ್ನು ಬಯ್ಯುವುದು ಕಷ್ಟ, ಅದು ನಮ್ಮ ಹೊಟ್ಟೆಪಾಡು. ಆದರೆ ಲಿವರ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ. ಸುಕ್ರೋಸ್ ಒಡೆದರೆ ಅರ್ಧ ಗ್ಲೂಕೋಸು, ಅರ್ಧ ಫ್ರಕ್ಟೋಸು. ಆ ಫ್ರಕ್ಟೋಸಿನ ಹೆಚ್ಚಿನ ಪಾಲನ್ನು ಸಂಭಾಳಿಸಬೇಕಾದ್ದು ಲಿವರ್ರೇ. ಮಿಕ್ಕಿದ್ದನ್ನು ಅದು ಕೊಬ್ಬು ಮಾಡುತ್ತದೆ.

ಜಿಜಿ ಇದ್ದ ಮನುಷ್ಯನಿಗೆ ಹೇಳಬೇಕಾದ ಮೊದಲ ಮಾತು ಇದೇ ತಾನೇ? ರಿಪೋರ್ಟಿನ ಆಹಾರದ ಪುಟ ತೆರೆದರೆ ಏನಿದೆ: ಕಿನೋವಾ, ಆಲಿವ್ ಎಣ್ಣೆ, ಬೆಣ್ಣೆಹಣ್ಣು, ಬ್ಲೂಬೆರಿ, ಸಾಲ್ಮನ್ ಮೀನು. ಪಾಂಡವಪುರ ಸಂತೆಯಲ್ಲಿ ಸಾಲ್ಮನ್! ರಾಗಿ ಇಲ್ಲ, ಹುರುಳಿಕಾಳಿಲ್ಲ, ಸೊಪ್ಪಿನ ಬಸ್ಸಾರಿಲ್ಲ. ಮುದ್ದೆ ಎಷ್ಟು ದಪ್ಪ ಇರಬೇಕು, ಜೊತೆಗೆ ಅನ್ನ ಬೇಕಾ ಬೇಡವಾ, ಕಾಫಿಗೆ ಬೆಲ್ಲ ಬಿಡಬೇಕಾ, ನಮ್ಮ ಜನ ಕೇಳುವ ಒಂದು ಪ್ರಶ್ನೆಗೂ ಉತ್ತರವಿಲ್ಲ. "ಸಕ್ಕರೆ ಮಿತವಾಗಿರಲಿ" ಅನ್ನುವ ಸಾಲು ಎರಡೂ ರಿಪೋರ್ಟಿನಲ್ಲಿ ಒಂದೇ ಥರ ಇದೆ, ಜೀನು ಯಾವುದಾದರೂ ಸರಿ. ಏಳು ಸಾವಿರ ಕೊಟ್ಟು ಜೀನ್ ನೋಡಿಸಿದ್ದು ಯಾಕೆ ಹಾಗಾದರೆ?

ಅಂದ ಹಾಗೆ ಕಾಫಿ ಬಿಡಿಸಬೇಡಿ. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಬಿಡಬೇಕಾದ್ದು ಬೆಲ್ಲವನ್ನು.

ಮೀಟರಿಗೆ ಬರುತ್ತೇನೆ. ಪಿಎನ್‌ಪಿಎಲ್‌ಎ3 ಲಿವರ್ ಕೊಬ್ಬನ್ನು ಏರಿಸುತ್ತದೆ, ನಿಜ. ಆದರೆ 2008ರ ಆ ಮೊದಲ ಅಧ್ಯಯನದಲ್ಲೇ ಇನ್ಸುಲಿನ್ ಪ್ರತಿರೋಧಕ್ಕೂ (ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳದಿರುವುದು) ಇದಕ್ಕೂ ನಂಟು ಕಾಣಲಿಲ್ಲ. ಅಂದರೆ ಲಿವರ್ ತುಂಬ ಕೊಬ್ಬಿದ್ದೂ ಶುಗರು, ಟ್ರೈಗ್ಲಿಸರೈಡು (ರಕ್ತದಲ್ಲಿರುವ ಒಂದು ಬಗೆ ಕೊಬ್ಬು) ಸರಿಯಾಗಿರುವ ಜನ ಇರುತ್ತಾರೆ. ಭಾವ ಹಾಗೇ. ಖಾಲಿ ಹೊಟ್ಟೆಯ ಶುಗರು 94, ಟ್ರೈಗ್ಲಿಸರೈಡು 128. ಅವರ ಅಪಾಯ ಲಿವರ್‌ನದ್ದು.

ಪಟ್ಟಿಯಲ್ಲಿ ಟಿಎಂ6ಎಸ್‌ಎಫ್2 ಅಂತ ಇನ್ನೊಂದಿದೆ, 2014ರಲ್ಲಿ ಗೊತ್ತಾದದ್ದು. ಅದು ಇನ್ನೂ ವಿಚಿತ್ರ. ಅದರ ಬದಲಾದ ರೂಪ ಇದ್ದವರಲ್ಲಿ ಕೊಬ್ಬು ಲಿವರ್‌ನಿಂದ ರಕ್ತಕ್ಕೆ ಸರಿಯಾಗಿ ಹೊರಡುವುದಿಲ್ಲ. ಲಿವರ್‌ನಲ್ಲಿ ಕೊಬ್ಬು ಜಾಸ್ತಿ, ರಕ್ತದಲ್ಲಿ ಕೊಲೆಸ್ಟ್ರಾಲು ಕಡಿಮೆ. ಲಿವರ್‌ಗೆ ಕೆಟ್ಟದ್ದು, ಹೃದಯಕ್ಕೆ ಒಳ್ಳೆಯದು. ಭಾವನಿಗೂ ನಮ್ಮ ಮನೆಯವರಿಗೂ ಅದು ಇಲ್ಲ. ಇದ್ದವರಿಗೆ ಈ ಮೀಟರ್ ಏನು ತೋರಿಸುತ್ತದೋ!

ನಮ್ಮ ಮನೆಯವರಿಗೆ ಇರುವುದು ಜಿಸಿಕೆಆರ್ ಅನ್ನುವ ಜೀನಿನಲ್ಲಿ ಟಿಟಿ, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಬದಲಾದ ಅಕ್ಷರ. ಇದು ಲಿವರ್‌ನೊಳಗೆ ಗ್ಲೂಕೋಸ್ ಹೋಗಿ ಬಳಕೆಯಾಗುವುದಕ್ಕೆ ಇರುವ ಕಡಿವಾಣವನ್ನು ಸಡಿಲ ಮಾಡುತ್ತದೆ. ಹಾಗಾಗಿ ಖಾಲಿ ಹೊಟ್ಟೆಯ ಶುಗರು ಸ್ವಲ್ಪ ಕಡಿಮೆಯೇ ಬರುತ್ತದೆ, ಆದರೆ ಆ ಗ್ಲೂಕೋಸು ಕೊಬ್ಬಾಗಿ ಟ್ರೈಗ್ಲಿಸರೈಡು ಏರುತ್ತದೆ. ಒಂದೇ ಜೀನು, ಒಂದು ರೀಡಿಂಗ್ ಚೆನ್ನಾಗಿ ಕಾಣಿಸುತ್ತದೆ, ಇನ್ನೊಂದನ್ನು ಕೆಡಿಸುತ್ತದೆ. ಅವರ ಟ್ರೈಗ್ಲಿಸರೈಡು 262. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವುದು) 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಜೀನಿಗಿಂತ ಹೊಟ್ಟೆಯ ಪಾಲೇ ಅದರಲ್ಲಿ ಜಾಸ್ತಿ ಅನ್ನುವುದು ಬೇರೆ ಮಾತು.

ಇವೆಲ್ಲ ಒಂದೊಂದು ದಿಕ್ಕಿಗೆ ಎಳೆಯುವ ಜೀನುಗಳು. ಕೆಲವು ಲಿವರ್‌ಗೆ, ಕೆಲವು ರಕ್ತದ ಕೊಬ್ಬಿಗೆ, ಕೆಲವು ಶುಗರಿಗೆ. ಕಂಪನಿಯವರು ಎಲ್ಲವನ್ನೂ ಕೂಡಿಸಿ ಒಂದು ಮುಳ್ಳು ಮಾಡಿದ್ದಾರೆ. ಕೂಡಿಸಬಾರದ್ದನ್ನು ಕೂಡಿಸಿದರೆ ಉತ್ತರ ತಪ್ಪೇ ಬರಬೇಕು. ಲಿವರ್‌ಗೆ ಒಂದು, ಹೃದಯಕ್ಕೆ ಒಂದು, ಶುಗರಿಗೆ ಒಂದು ಅಂತ ಮೂರು ಮೀಟರ್ ಇಟ್ಟಿದ್ದರೆ ನಮ್ಮವರು ಆ ಸಂಜೆ ವಡೆ ತರುತ್ತಿರಲಿಲ್ಲ.

ಇನ್ನೂ ಒಂದು ಕೊರತೆ. ಎಚ್‌ಎಸ್‌ಡಿ17ಬಿ13 ಅಂತ ಒಂದು ಜೀನಿದೆ. ಅದರ ಒಂದು ಬಗೆ ಲಿವರನ್ನು ಕಾಪಾಡುತ್ತದೆ. ಕೊಬ್ಬು ಇದ್ದರೂ ಊತ, ಗಾಯದ ಕಡೆಗೆ ಹೋಗುವುದು ಕಡಿಮೆ. 2018ರಿಂದ ಗೊತ್ತಿರುವ ವಿಷಯ. ಈ ಕಿಟ್‌ನ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಹೆದರಿಸುವ ಜೀನುಗಳನ್ನು ಹುಡುಕಿ ಹಾಕಿ, ಕಾಪಾಡುವುದನ್ನು ಬಿಟ್ಟರೆ ಮುಳ್ಳು ಕೆಂಪಿಗೇ ಹೋಗುತ್ತದೆ. ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ: ಹೋಲಿಕೆಗೆ ಬಳಸಿದ ಅಂಕಿಅಂಶ ಬಹುಪಾಲು ಯುರೋಪ್ ಮೂಲದವರದ್ದು. ಅದನ್ನು ಮೊದಲ ಪುಟದಲ್ಲಿ, ಮೀಟರಿನ ಕೆಳಗೇ ಹಾಕಬೇಕಿತ್ತು.

ರಿಪೋರ್ಟಿನ ಜೊತೆ ಕೌನ್ಸೆಲಿಂಗ್ ಕರೆ ಉಚಿತ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದರು. ಕನ್ನಡದವರು ಬೇಕು ಅಂದೆ. ಎರಡು ದಿನ ಬಿಟ್ಟು ಒಬ್ಬ ಹುಡುಗಿ ಕರೆ ಮಾಡಿದಳು. ಒಳ್ಳೆಯ ಹುಡುಗಿ, ಭಾವನನ್ನು "ಅಂಕಲ್, ನಿಮ್ಮ ತಪ್ಪಲ್ಲ ಇದು, ಹುಟ್ಟಿದಾಗಿಂದ ಇರೋದು" ಅಂತ ಸಮಾಧಾನ ಮಾಡಿದಳು. ಆ ಒಂದು ಮಾತಿಗೆ ಭಾವ ಹಗುರಾದರು. ಕುಡಿಯದ ಮನುಷ್ಯನಿಗೆ ಊರಿನವರ ಮುಂದೆ ಹೇಳಿಕೊಳ್ಳಲು ಒಂದು ಕಾಗದ ಸಿಕ್ಕಿತು. ಕಿಟ್‌ನ ನಿಜವಾದ ಲಾಭ ಅಂತ ನಾನು ಬರೆಯುವುದಾದರೆ ಇದನ್ನೇ.

ಆಮೇಲೆ ಮಾರಾಟ ಶುರುವಾಯಿತು. ಲಿವರ್ ಡಿಟಾಕ್ಸ್ ಕ್ಯಾಪ್ಸೂಲ್ ಮೂರು ತಿಂಗಳ ಪ್ಯಾಕ್, ಜೊತೆಗೆ ಭಾವನ ಇಬ್ಬರು ಮಕ್ಕಳಿಗೂ ಒಂದೊಂದು ಕಿಟ್, "ಫ್ಯಾಮಿಲಿ ಆಫರ್". ನಾನು ಫೋನ್ ತೆಗೆದುಕೊಂಡೆ. ಅಪ್ಪನಿಗೆ ಜಿಜಿ ಇದ್ದರೆ ಪ್ರತಿ ಮಗುವಿಗೂ ಒಂದು ಜಿ ಬಂದೇ ಬಂದಿರುತ್ತದೆ. ಕೊಡಲು ಅವರ ಹತ್ತಿರ ಬೇರೆ ಅಕ್ಷರವೇ ಇಲ್ಲ. ಇನ್ನೊಂದು ಅಮ್ಮನ ಕಡೆಯದು. ಅದು ಸಿ ಆಗಲಿ ಜಿ ಆಗಲಿ, ಮಕ್ಕಳು ಮಾಡಬೇಕಾದ್ದು ಬದಲಾಗುತ್ತದಾ ಅಂತ ಕೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು "ಇಲ್ಲ ಮೇಡಂ" ಅಂದಳು. ಪ್ರಾಮಾಣಿಕ ಉತ್ತರ. ಅವಳ ಕೆಲಸಕ್ಕೆ ಕುತ್ತು ಬಾರದಿರಲಿ.

ಕ್ಯಾಪ್ಸೂಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲಿವರ್ ಸರಿ ಇಲ್ಲದವರು ಏನಿದೆ ಅಂತ ಗೊತ್ತಿಲ್ಲದ ಗುಳಿಗೆ ನುಂಗಬಾರದು, ಅಷ್ಟೇ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕಿತ್ತು? ಯಾವ ಮನೆಯಲ್ಲೂ ಮೊದಲು ಬೇಕಾದ್ದು ಟೇಪು. ಟೈಲರ್ ಟೇಪು ಸಾಕು. ಭಾರತದ ಗಂಡಸರಿಗೆ ಹೊಟ್ಟೆ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಸಣಕಲು ಅಂದೆನಲ್ಲ ಭಾವ, ಅಂಗಿ ಎತ್ತಿ ಅಳೆದರೆ 93 ಬಂತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ತೂಕ ಎತ್ತರದ ಲೆಕ್ಕದಲ್ಲಿ ಎಲ್ಲ ಸರಿ, ಬಿಎಂಐ 22 ಚಿಲ್ಲರೆ. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವ ಈ ಮೈಕಟ್ಟು ನಮ್ಮ ದೇಶದಲ್ಲಿ ಬಹಳ. ಪುಣೆಯ ಡಾಕ್ಟರ್ ಯಾಜ್ಞಿಕ್ ಇದರ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ನಮ್ಮವರದು 104. ಅಳೆಯುವಾಗ ಉಸಿರು ಎಳೆದುಕೊಂಡರು, ಬಿಡಿಸಿ ಮತ್ತೆ ಅಳೆದೆ.

ಆಮೇಲೆ ಫಿಬ್-4, ಲಿವರ್ ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡುವ ಲೆಕ್ಕ. ಇದಕ್ಕೆ ಹೊಸ ಪರೀಕ್ಷೆಯೇ ಬೇಡ. ಮಾಮೂಲಿ ಎಲ್‌ಎಫ್‌ಟಿ ಮತ್ತು ರಕ್ತಕಣ ಎಣಿಸುವ ಸಿಬಿಸಿಯಲ್ಲಿ ಬರುವ ಅಂಕಿಗಳೇ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ (ಎಲ್‌ಎಫ್‌ಟಿಯಲ್ಲೇ ಬರುವ ಇನ್ನೊಂದು ಅಂಕಿ) ಗುಣಿಸಿ. ಪ್ಲೇಟ್ಲೆಟ್ಟನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಲ್ಯಾಬುಗಳು ಪ್ಲೇಟ್ಲೆಟ್ಟನ್ನು ಲಕ್ಷದಲ್ಲಿ ಬರೆಯುತ್ತವೆ, ಎರಡು ಲಕ್ಷ ಹತ್ತು ಸಾವಿರ ಇದ್ದರೆ ಇಲ್ಲಿ 210 ಅಂತ ಹಾಕಬೇಕು. ಇದು ತಪ್ಪಿದರೆ ಲೆಕ್ಕವೇ ಕೆಟ್ಟಿತು. 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಮೇಲೆ ಬಂದರೆ ಮುಂದಿನ ಪರೀಕ್ಷೆ. ಅರವತ್ತೈದು ದಾಟಿದವರಿಗೆ ಈ ಗಡಿ 2 ಅಂತ ಇಟ್ಟುಕೊಳ್ಳುತ್ತಾರೆ.

ಭಾವನಿಗೆ 57 ವರ್ಷ, ಎಸ್‌ಜಿಒಟಿ 31, ಎಸ್‌ಜಿಪಿಟಿ 44, ಪ್ಲೇಟ್ಲೆಟ್ 260. ಫಿಬ್-4 ಸುಮಾರು 1.02. ನಮ್ಮ ಮನೆಯವರಿಗೆ 52, ಎಸ್‌ಜಿಒಟಿ 48, ಎಸ್‌ಜಿಪಿಟಿ 71, ಪ್ಲೇಟ್ಲೆಟ್ 210. ಬಂದದ್ದು 1.41. ಕೆಂಪು ಮೀಟರಿನವರು ಗಡಿಯ ಒಳಗೆ, ಹಳದಿ ಮೀಟರಿನವರು ಹೊರಗೆ! ಈ ಲೆಕ್ಕಕ್ಕೆ ಖರ್ಚಾದದ್ದು ಕ್ಯಾಲ್ಕುಲೇಟರಿನ ಬ್ಯಾಟರಿ.

ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ ಫೈಬ್ರೋಸ್ಕ್ಯಾನ್ ಮಾಡಿಸಿದೆ. ತಲಾ ಎರಡೂವರೆ ಸಾವಿರ. ಮೂರು ಗಂಟೆ ಏನೂ ತಿಂದಿರಬಾರದು. ಪಕ್ಕೆಲುಬಿನ ನಡುವೆ ಒಂದು ಸಣ್ಣ ಯಂತ್ರ ಇಟ್ಟು ಟಕ್ ಟಕ್ ಅಂತ ತಟ್ಟುತ್ತಾರೆ, ನೋವಿಲ್ಲ, ಹತ್ತು ನಿಮಿಷದ ಕೆಲಸ. ಎರಡು ಅಂಕಿ ಬರುತ್ತದೆ. ಕ್ಯಾಪ್ ಅನ್ನುವುದು ಕೊಬ್ಬಿನದ್ದು, ಕೆಪಿಎ ಅನ್ನುವುದು ಗಟ್ಟಿತನದ್ದು. ಭಾವನಿಗೆ ಕ್ಯಾಪ್ 291, ಗಟ್ಟಿತನ 5.4. ನಮ್ಮವರಿಗೆ ಕ್ಯಾಪ್ 302, ಗಟ್ಟಿತನ 8.6. ಕೊಬ್ಬು ಇಬ್ಬರಿಗೂ ಧಾರಾಳ. ಆದರೆ ಕೆಪಿಎ 8 ದಾಟಿದರೆ ಲಿವರ್ ಡಾಕ್ಟರನ್ನು ನೋಡಲೇಬೇಕು. ನಮ್ಮವರು ಹೊರಗೆ ಬಂದು ಮಾತಾಡಲಿಲ್ಲ. ದಾರಿಯಲ್ಲಿ ಮದ್ದೂರು ವಡೆಯ ಮಾತೂ ಎತ್ತಲಿಲ್ಲ.

ಜೀನು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಜಿ ಇದ್ದೂ ತೂಕ ಹಿಡಿತದಲ್ಲಿದ್ದರೆ ಅದರ ಆಟ ಕಡಿಮೆ, ಬೊಜ್ಜು ಏರಿದಂತೆ ಅದೇ ಜಿಯ ಪೆಟ್ಟು ಜೋರಾಗುತ್ತದೆ ಅಂತ 2017ರಲ್ಲಿ ದೊಡ್ಡ ಅಧ್ಯಯನದಲ್ಲಿ ತೋರಿಸಿದ್ದಾರೆ. ಅಣ್ಣನಿಗೆ ಎರಡು ಜಿ, ಹೊಟ್ಟೆ ಸ್ವಲ್ಪ. ತಮ್ಮನಿಗೆ ಒಂದೇ ಜಿ, ಹೊಟ್ಟೆ ದೊಡ್ಡದು, ಶುಗರೂ ಹತ್ತಿರ. ನಮ್ಮ ಮನೆಯಲ್ಲಿ ನಡೆದದ್ದೂ ಹಾಗೇ. ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ, ಅದನ್ನೂ ರಿಪೋರ್ಟಿನವರು ಬರೆದಿಲ್ಲ. ತೂಕ ಇಳಿಸಿದಾಗ ಜಿಜಿ ಇದ್ದವರ ಲಿವರ್ ಕೊಬ್ಬು ಉಳಿದವರಿಗಿಂತ ಜಾಸ್ತಿ ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ ಐದು ಇಳಿದರೆ ಕೊಬ್ಬು ಕಡಿಮೆಯಾಗುತ್ತದೆ, ಏಳರಿಂದ ಹತ್ತು ಇಳಿದರೆ ಊತ, ಗಾಯವೂ ಸುಧಾರಿಸುತ್ತದೆ. ನಮ್ಮವರು 86 ಕೆಜಿ. ಅವರಿಗೆ ಹೇಳಿರುವುದು 78.

ಎಲ್ಲರಿಗೂ ಈ ಜೀನ್ ಪರೀಕ್ಷೆ ವಾಡಿಕೆಯಾಗಿ ಬೇಡ ಅಂತ ಯುರೋಪಿನ ಲಿವರ್, ಡಯಾಬಿಟಿಸ್, ಬೊಜ್ಜು ತಜ್ಞರ ಸಂಘಗಳು 2016ರಲ್ಲೇ ಒಟ್ಟಾಗಿ ಹೇಳಿದ್ದವು. ಆಯ್ದ ರೋಗಿಗಳಿಗೆ, ಸಂಶೋಧನೆಗೆ ಮಾತ್ರ ಅಂತ. ಕಿಟ್ ಡಬ್ಬಿಯ ಮೇಲೆ ಇದನ್ನು ಯಾರು ಅಚ್ಚು ಹಾಕುತ್ತಾರೆ ಹೇಳಿ. ನಮ್ಮ ಸರ್ಕಾರವೂ 2021ರಲ್ಲಿ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಬಿಪಿ ಇರುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಅಲ್ಲೂ ಒತ್ತು ಊಟ, ಓಡಾಟ, ತಪಾಸಣೆಯ ಮೇಲೇ.

ಜೀನು ಬಿಟ್ಟು ಹುಟ್ಟಿನದ್ದೇ ಇನ್ನೊಂದು ಕತೆ ಇದೆ. ಅದು ಮೈಸೂರಿನದ್ದೇ ಆದ್ದರಿಂದ ಬರೆಯದೆ ಇರಲಾರೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವುದು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕ ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದವರನ್ನು ಮೈಸೂರಿನಲ್ಲೇ ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚಿತ್ತು ಅಂತ 1996ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1997ರಿಂದ ಅದೇ ಆಸ್ಪತ್ರೆಯಲ್ಲಿ ಬಸುರಿಯರ ಶುಗರ್ ನೋಡಿ, ಅವರ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದ್ದಾರೆ. ತಾಯಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಮಗುವಿನ ಮೈಯಲ್ಲೂ ಅದರ ಗುರುತು ಉಳಿಯುತ್ತದೆ ಅಂತ ಅದರಿಂದ ತಿಳಿದಿದೆ.

ಕಿಟ್‌ನ ಪ್ರಶ್ನೆಪಟ್ಟಿಯಲ್ಲಿ ಹುಟ್ಟಿದಾಗಿನ ತೂಕದ ಬಗ್ಗೆ ಒಂದು ಸಾಲಿಲ್ಲ. ನಮ್ಮ ಅತ್ತೆಯನ್ನು ಕೇಳಿದೆ. "ಯಾರವ್ವಾ ತೂಗಿದ್ರು? ಸೂಲಗಿತ್ತಿ ಬಂದ್ಲು, ಹೆರಿಗೆ ಆಯ್ತು, ಹೋದ್ಲು. ದೊಡ್ಡೋನು ಮಾತ್ರ ಬೋ ಸಣ್ಣಕ್ಕಿದ್ದ" ಅಂದರು. ದೊಡ್ಡೋನು ಅಂದರೆ ಭಾವ.

ಇಷ್ಟಾದರೂ ಕೊಳ್ಳಬೇಕು ಅನ್ನುವವರಿಗೆ: ಮನೆಯಲ್ಲಿ ಕುಡಿಯದವರಿಗೆ ಸಿರೋಸಿಸ್ ಆಗಿದ್ದರೆ, ತೆಳ್ಳಗಿದ್ದೂ ಫ್ಯಾಟಿ ಲಿವರ್ ಬಂದಿದ್ದರೆ, ಲಿವರ್ ಡಾಕ್ಟರೇ ಬೇಕು ಅಂದರೆ ಅರ್ಥವಿದೆ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಲೋಗೋ ನೋಡಿ ಸುಮ್ಮನಾಗಬೇಡಿ. ಆ ಮಾನ್ಯತೆ ಒಂದೊಂದು ಪರೀಕ್ಷೆಗೆ ಬೇರೆ ಬೇರೆ ಇರುತ್ತದೆ. ಈ ಜೀನ್ ಪರೀಕ್ಷೆ ಅದರ ಪಟ್ಟಿಯಲ್ಲಿದೆಯಾ ಅಂತ ಕೇಳಿ. ನಾನು ಕೇಳಿದ್ದಕ್ಕೆ ಪ್ರಮಾಣಪತ್ರದ ಪ್ರತಿ ಕಳಿಸಿದರು, ಅದಕ್ಕೆ ಮೆಚ್ಚುಗೆ.

ಕೊನೆಗೆ ಡೇಟಾ ವಿಷಯ. ಒಪ್ಪಿಗೆ ಪತ್ರದಲ್ಲಿ "ಸಂಶೋಧನೆಗೆ ಬಳಸಬಹುದು" ಅನ್ನುವ ಚೌಕಕ್ಕೆ ಅವರೇ ಟಿಕ್ ಹಾಕಿ ಇಟ್ಟಿರುತ್ತಾರೆ. ಬೇಡ ಅಂದರೆ ನೀವೇ ತೆಗೆಯಬೇಕು. ಭಾವನಿಗೆ ಅದನ್ನು ಓದಿ ಹೇಳಿದಾಗ "ನನ್ನ ಎಂಜಲು ಇಟ್ಕಂಡು ಏನ್ ಮಾಡಾರವ್ವಾ" ಅಂದರು. ಎಂಜಲು ಅವರದ್ದೇ, ಆದರೆ ಅದರಲ್ಲಿರುವ ಅರ್ಧ ಮಕ್ಕಳದ್ದೂ ಹೌದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸಿ ಅಂತ ಕೇಳುವ ಹಕ್ಕು ಬರೆದಿದೆ. ರಿಪೋರ್ಟ್ ಇಳಿಸಿಕೊಂಡ ಮೇಲೆ ಸ್ಯಾಂಪಲ್ ನಾಶ ಮಾಡಿ, ಡೇಟಾ ಅಳಿಸಿ ಅಂತ ಇಬ್ಬರ ಪರವಾಗಿ ಮೇಲ್ ಹಾಕಿದೆ. ಅಳಿಸಿದ್ದೇವೆ ಅಂತ ಉತ್ತರ ಬಂತು. ಅದರ ಮಾರನೇ ದಿನ ಭಾವನ ನಂಬರಿಗೆ ಅದೇ ಕಂಪನಿಯಿಂದ ಯುಗಾದಿ ಆಫರ್ ಮೆಸೇಜೂ ಬಂತು.